ಫೋಟೋದಲ್ಲಿರುವುದು ಡ್ಯಾಮ್ಸನ್ ಅಲ್ಲ

ಚಿಕ್ಕಪ್ಪ (ಶಿರಸಿ): ಇನ್ನೊಂದು ಗುಂಪಿನಲ್ಲಿ ಬಂದ ಫೋಟೋ ಇದು. ಇಂಗ್ಲೆಂಡಿನ ಬೇಲಿಗಳಲ್ಲಿ ತಾನಾಗಿ ಬೆಳೆಯುವ ಡ್ಯಾಮ್ಸನ್ ಎಂಬ ಕಾಡು ಪ್ಲಮ್ ಅಂತೆ. ವೀಣಾ, ಡಿಸೆಂಬರಿನಲ್ಲಿ ಬರುವಾಗ ಒಂದು ಹಿಡಿ ಬೀಜ ತಂದರೆ ನಮ್ಮ ತೋಟದ ಬೇಲಿಗೆ ಹಾಕಬಹುದು.

ವೀಣಾ (ಇಂಗ್ಲೆಂಡ್): ಚಿಕ್ಕಪ್ಪ, ಇದು ಡ್ಯಾಮ್ಸನ್ ಅಲ್ಲ, ಸ್ಲೋ ಎಂಬ ಮುಳ್ಳುಗಿಡದ ಹಣ್ಣು, ಅದೂ ಪ್ಲಮ್ ಬಳಗದ್ದೇ. ಕಪ್ಪುನೀಲಿ ಬಣ್ಣವೂ ಸಿಪ್ಪೆಯ ಮೇಲಿನ ಬೂದಿಯಂಥ ಪುಡಿಯೂ ಎರಡಕ್ಕೂ ಇರುವುದರಿಂದ ಹಣ್ಣಿನ ಬಣ್ಣ ನೋಡಿ ಹೇಳಲಾಗದು, ಕೊಂಬೆಯನ್ನೇ ನೋಡಬೇಕು. ಫೋಟೋ ಹಿಗ್ಗಿಸಿ ನೋಡಿ: ಕಪ್ಪು ಕೊಂಬೆಯಿಂದ ಅಡ್ಡಕ್ಕೆ ಹೊರಟ ಗಿಡ್ಡ ಕವಲುಗಳ ತುದಿಯೇ ಗಟ್ಟಿ ಮುಳ್ಳಾಗಿದೆ. ಹಣ್ಣು ದುಂಡಗೆ, ಸುಮಾರು 1ರಿಂದ 1.5 ಸೆಂ.ಮೀ. ಅಷ್ಟೇ ಇದೆ. ಡ್ಯಾಮ್ಸನ್ ಇದಕ್ಕಿಂತ ದೊಡ್ಡದು, ಮೊಟ್ಟೆಯಾಕಾರದ್ದು, ಅದರ ಮರಕ್ಕೆ ಮುಳ್ಳು ತೀರಾ ಕಡಿಮೆ.

ರಘು: ಅಕ್ಕ, ಮುಳ್ಳೊಂದನ್ನೇ ನಂಬುವುದು ಸರಿಯಲ್ಲ. ಡ್ಯಾಮ್ಸನ್ ಜಾತಿಗೇ ಸೇರಿದ ಬುಲ್ಲೇಸ್‌ನ ಹಣ್ಣು ದುಂಡಗಿರುತ್ತದೆ, ಕೆಲವು ಗಿಡಗಳಿಗೆ ಮುಳ್ಳೂ ಇರುತ್ತದೆ. ಸ್ಲೋ ಜೊತೆ ಬೆರೆತು ಹುಟ್ಟಿದ ಗಿಡಗಳೂ ಇವೆ.

ವೀಣಾ: ಆ ಮಾತು ಒಪ್ಪುತ್ತೇನೆ, ಆದ್ದರಿಂದಲೇ ಇಲ್ಲಿಯವರು ಬೇಲಿಯ ಗಿಡವನ್ನು ವಸಂತದಲ್ಲೊಮ್ಮೆ ನೋಡಿಟ್ಟುಕೊಳ್ಳುತ್ತಾರೆ. ಸ್ಲೋ ಗಿಡ ಎಲೆ ಚಿಗುರುವ ಮೊದಲೇ ಬೋಳು ಕೊಂಬೆಯ ತುಂಬ ಬೆಳ್ಳಗೆ ಹೂ ಬಿಡುತ್ತದೆ. ಬುಲ್ಲೇಸ್‌ನಲ್ಲಿ ಹೂವೂ ಎಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಇದೇ ಬಳಗದಲ್ಲಿ ಎಲ್ಲಕ್ಕಿಂತ ಮೊದಲು ಅರಳುವ ಚೆರ್ರಿ ಪ್ಲಮ್‌ನ ಎಳೆಯ ಕಡ್ಡಿಗಳು ಹಸಿರಾಗಿ ಹೊಳೆಯುತ್ತವೆ. ಆದರೆ ಈ ಫೋಟೋದ ಮಟ್ಟಿಗೆ ಕೊಂಬೆ, ಮುಳ್ಳು, ಗಾತ್ರ ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತವೆ. ಡ್ಯಾಮ್ಸನ್ ಎಂದು ನಂಬಿ ಬಾಯಿಗೆ ಹಾಕಿಕೊಂಡರೆ ಒಗರಿಗೆ ನಾಲಿಗೆಯೇ ಒಣಗಿಹೋಗುತ್ತದೆ.

ಚಿಕ್ಕಪ್ಪ: ಯಾವುದಾದರೂ ಆಗಲಿ, ಶಿರಸಿಯ ಮಳೆಗೆ ಬಾರದ ಗಿಡವುಂಟೇ?

ವೀಣಾ: ಇವಕ್ಕೆ ಬೇಕಾದ್ದು ಚಳಿ, ಚಿಕ್ಕಪ್ಪ. ಹಣ್ಣಿನೊಳಗಿನ ಓಟೆ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ತಣ್ಣಗಿದ್ದರೇ ಮೊಳೆಯುವುದು, ಮರವೂ ಚಳಿಗಾಲ ಕಳೆದ ಮೇಲೆಯೇ ಸರಿಯಾಗಿ ಹೂ ಬಿಡುವುದು. ಅಲ್ಲದೆ ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ನೆಡುವ ಬೀಜ ತರುವಂತಿಲ್ಲ; ನಾನು ತರುವುದಿಲ್ಲ. ಮುಳ್ಳೂ ಹಣ್ಣೂ ಒಟ್ಟಿಗೆ ಕೊಡುವ ಬೇಲಿ ಬೇಕಿದ್ದರೆ ನಮ್ಮ ಕವಳಿ ಇದೆಯಲ್ಲ. ಅದು ಪ್ಲಮ್‌ನ ಬಳಗದ್ದಲ್ಲ, ಕಿತ್ತರೆ ಬಿಳಿ ಹಾಲು ಸುರಿಸುವ ಕಣಗಿಲೆಯ ಕುಟುಂಬದ್ದು, ಆದರೆ ಬೇಲಿಯ ಕೆಲಸದಲ್ಲಿ ಯಾವ ಸ್ಲೋಗೂ ಕಡಿಮೆಯಿಲ್ಲ.

ದೊಡ್ಡಮ್ಮ: ವೀಣಾ ಹೇಳುವುದೇ ಸರಿ. ಕವಳಿ ಬೀಜ ಇಟ್ಟರೆ ಕೆಡುತ್ತದೆ, ಹಣ್ಣು ಕಪ್ಪಾದ ಕೂಡಲೇ ತೊಳೆದು ಮಳೆಗಾಲದಲ್ಲೇ ಹಾಕಬೇಕು. ಈ ಸಲ ಎಲ್ಲವನ್ನೂ ಕಾಯಿಯಲ್ಲೇ ಉಪ್ಪಿನಕಾಯಿಗೆ ಕೊಯ್ಯದೆ ಒಂದು ಗಿಡವನ್ನು ಬೀಜಕ್ಕೆಂದು ಬಿಡಿ.