ಪದಚರ್ಚೆ: ‘ಹೈ ಸೀಸ್’ಗೆ ಏನನ್ನೋಣ? ಜೊತೆಗೆ ಸಾಗರ, ಕಡಲು, ಅಹವಾಲು

ಎಲ್ಲರಿಗೂ ನಮಸ್ಕಾರ.

ಜೂನ್ 8 ವಿಶ್ವ ಸಾಗರ ದಿನ. ಅವತ್ತು ಧಾರವಾಡದಲ್ಲಿ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಬೆಳಿಗ್ಗೆ ಒಂದು ಪ್ರದರ್ಶನ, ಮಧ್ಯಾಹ್ನ ಒಂದು ಚರ್ಚಾಕೂಟ ಇಟ್ಟುಕೊಂಡಿದ್ದಾರೆ. ಚರ್ಚೆ ಹೈ ಸೀಸ್ ಒಪ್ಪಂದದ ಬಗ್ಗೆ, ಅಂದರೆ ಯಾವ ದೇಶಕ್ಕೂ ಸೇರದ ಸಮುದ್ರದ ಜೀವಜಾಲವನ್ನು ಕಾಪಾಡುವ ಜಾಗತಿಕ ಒಪ್ಪಂದದ ಬಗ್ಗೆ. ಫಲಕ, ಕರಪತ್ರ, ಆಮಂತ್ರಣ ಎಲ್ಲ ಕನ್ನಡದಲ್ಲೇ ಇರಬೇಕು ಅಂತ ಪಟ್ಟು ಹಿಡಿದವರು ಅವರು. ಬರೆದುಕೊಡುವ ಕೆಲಸ ಬಿದ್ದದ್ದು ನನ್ನ ತಲೆಗೆ. ಒಂದೆರಡು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ. ಅದಕ್ಕೇ ಈ ಓಲೆ.

‘ಧಾರವಾಡಕ್ಕೂ ಸಮುದ್ರಕ್ಕೂ ಏನ್ ಸಂಬಂಧರೀ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಊರಿನ ಪಕ್ಕದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರುತ್ತಾಳೆ. ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗಿ ಅಂಕೋಲಾ ಕಡೆ ಸಮುದ್ರಕ್ಕೆ ಬೀಳುತ್ತದೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದೂ ಕಾರವಾರದ ಕೋಡಿಬಾಗದಲ್ಲಿ. ಸಂಬಂಧಕ್ಕೆ ಇಷ್ಟು ಸಾಕಲ್ವಾ?

ಈಗ ಪದಕ್ಕೆ ಬರೋಣ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ದಂಡೆಯಿಂದ 12 ನಾಟಿಕಲ್ ಮೈಲಿವರೆಗಿನ ನೀರು ಆಯಾ ದೇಶದ್ದೇ. 200 ನಾಟಿಕಲ್ ಮೈಲಿವರೆಗೆ ಮೀನು, ಎಣ್ಣೆ, ಅನಿಲದ ಮೇಲೆ ಆ ದೇಶಕ್ಕೆ ಹಕ್ಕಿದೆ. ಕಿಲೋಮೀಟರ್ ಲೆಕ್ಕದಲ್ಲಿ ಇದು ಸುಮಾರು 370. ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆ ಹಿಡಿದು ತುಮಕೂರು ದಾಟಿದಷ್ಟು ದೂರ. ಅದರಾಚೆಯದ್ದು ಯಾವ ದೇಶದ್ದೂ ಅಲ್ಲ. ಜಗತ್ತಿನ ಸಮುದ್ರದಲ್ಲಿ ಸುಮಾರು ಮೂರನೇ ಎರಡು ಪಾಲು ಹೀಗೆ ಯಾರ ಎಲ್ಲೆಯೊಳಗೂ ಇಲ್ಲ. ಇಂಗ್ಲಿಷಿನವರು ಹೈ ಸೀಸ್ ಅನ್ನುವುದು ಇದನ್ನೇ. ಅಲ್ಲಿನ ಜೀವಜಾಲವನ್ನು ಕಾಪಾಡಲು ಒಂದು ಒಪ್ಪಂದ 2023ರ ಜೂನ್‌ನಲ್ಲಿ ಅಂಗೀಕಾರವಾಯಿತು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿತು. ಜಾರಿಗೆ ಬರಲು 60 ದೇಶಗಳ ಅನುಮೋದನೆ ಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು ಸಿಕ್ಕಿತು, 2026ರ ಜನವರಿ 17ರಿಂದ ಒಪ್ಪಂದ ಜಾರಿಯಲ್ಲಿದೆ.

ಒಪ್ಪಂದದ ಪೂರ್ತಿ ಹೆಸರನ್ನು ಕನ್ನಡಕ್ಕೆ ಇಳಿಸಿದರೆ ‘ರಾಷ್ಟ್ರೀಯ ಅಧಿಕಾರವ್ಯಾಪ್ತಿಯ ಆಚೆಗಿನ ಪ್ರದೇಶಗಳ ಸಾಗರ ಜೀವವೈವಿಧ್ಯ ಒಪ್ಪಂದ’ ಅಂತಾಗುತ್ತದೆ. ಓದಿ ಮುಗಿಸುವಷ್ಟರಲ್ಲಿ ದಮ್ಮು ಹತ್ತುತ್ತದೆ. ಫಲಕಕ್ಕೆ ಹಾಕುವಂಥದ್ದಲ್ಲ.

ಹುಡುಗರು ಮೊಬೈಲಿಗೆ ಕೇಳಿದರೆ ಅದು ‘ಎತ್ತರದ ಸಮುದ್ರಗಳು’ ಅಂತ ಕೊಟ್ಟಿತು. ಇಲ್ಲಿ ಹೈ ಅಂದರೆ ಎತ್ತರ ಅಲ್ಲ, ಹಿರಿದು, ದೊಡ್ಡದು. ಹೈವೇಯನ್ನು ನಾವು ಎತ್ತರದ ದಾರಿ ಮಾಡಲಿಲ್ಲ, ಹೆದ್ದಾರಿ ಮಾಡಿಕೊಂಡೆವು. ಅದೇ ಜಾಡಿನಲ್ಲಿ ಹೋದರೆ ‘ಹೆಗ್ಗಡಲು’ ಆಗುತ್ತದೆ. ತಮಾಷೆ ಅಂದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಬರುವ ಹೈ ಟೈಡ್ ಲೈನ್‌ನಲ್ಲಿ ಮಾತ್ರ ಹೈ ಅಂದರೆ ನಿಜಕ್ಕೂ ಎತ್ತರವೇ. ನೀರು ಉಬ್ಬಿ ಬಂದು ಮುಟ್ಟುವ ಗೆರೆ ಅದು. ‘ಉಬ್ಬರದ ಗೆರೆ’ ಅಂದುಬಿಟ್ಟೆ, ಯಾರೂ ತಕರಾರು ತೆಗೆಯಲಿಲ್ಲ. 1991ರ ಅಧಿಸೂಚನೆ ಆ ಗೆರೆಯಿಂದ 500 ಮೀಟರ್‌ವರೆಗೆ ಕಟ್ಟಡ, ಕಾರ್ಖಾನೆಗಳಿಗೆ ಮೂಗುದಾರ ಹಾಕಿತ್ತು ಅಂತ ಒಂದು ಫಲಕದಲ್ಲಿ ಬರುತ್ತದೆ.

ಪತ್ರಿಕೆಗಳಲ್ಲಿ ‘ಆಳಸಮುದ್ರ’ ನೋಡಿದ ನೆನಪು ಹಲವರಿಗೆ ಇರಬಹುದು. ನನಗೆ ಅದು ಬೇಡ ಅನಿಸುತ್ತದೆ. ಮಲ್ಪೆಯಿಂದಲೋ ಕಾರವಾರದಿಂದಲೋ ಟ್ರಾಲರ್ ಬೋಟುಗಳು ಐಸು, ಡೀಸೆಲ್ಲು, ಅಕ್ಕಿ ತುಂಬಿಕೊಂಡು ವಾರಗಟ್ಟಲೆ ಹೋಗುತ್ತವಲ್ಲ, ಅದನ್ನು ಅಲ್ಲಿನವರು ಆಳಸಮುದ್ರ ಮೀನುಗಾರಿಕೆ ಅನ್ನುತ್ತಾರೆ. ಆ ಬೋಟುಗಳು ಓಡಾಡುವುದು ಭಾರತದ ಹಕ್ಕಿನ ನೀರಿನೊಳಗೇ. ಸಮುದ್ರದ ತಳಕ್ಕೆ 6000 ಮೀಟರ್ ಮುಳುಗುವಂತೆ ರೂಪಿಸಿರುವ ಭಾರತದ ‘ಮತ್ಸ್ಯ 6000’ ಜಲಾಂತರ ನೌಕೆಯ ಸುದ್ದಿಯಲ್ಲೂ ಇದೇ ಪದ ಬರುತ್ತದೆ. ಅಲ್ಲಿ ಅದು ಸರಿ, ಯಾಕೆಂದರೆ ಅದು ಆಳದ ಮಾತು. ಹೈ ಸೀಸ್ ಆಳದ ಮಾತಲ್ಲ, ಒಡೆತನದ ಮಾತು.

‘ಅಂತರರಾಷ್ಟ್ರೀಯ ಜಲಪ್ರದೇಶ’ ಅಂದರೆ ಅರ್ಥ ಆಗುತ್ತದೆ. ಆದರೆ 12 ಮೈಲಿ ದಾಟಿದ್ದೆಲ್ಲಕ್ಕೂ ಹಾಗೆ ಅನ್ನುವ ರೂಢಿ ಇದೆ. ನಮಗೆ ಬೇಕಾದ್ದು 200 ದಾಟಿದ್ದು.

ಇನ್ನು ‘ಮುಕ್ತ ಸಮುದ್ರ’. ನಮ್ಮಲ್ಲಿ ಜೋರು ಜಗಳ ಆಗಿದ್ದು ಇದರ ಮೇಲೆ. ಪದ ಚಿಕ್ಕದು, ಕಿವಿಗೂ ಹಿತ. ಆದರೆ ಅದರ ಬೆನ್ನಿಗೆ ಒಂದು ವಾದ ಅಂಟಿಕೊಂಡಿದೆ. 1609ರಲ್ಲಿ ಹ್ಯೂಗೋ ಗ್ರೋಶಿಯಸ್ ಎಂಬ ಡಚ್ ವಕೀಲ, ಸಮುದ್ರ ಯಾರಪ್ಪನ ಸ್ವತ್ತೂ ಅಲ್ಲ, ಎಲ್ಲ ದೇಶದ ಹಡಗೂ ಅಲ್ಲಿ ಓಡಾಡಬಹುದು, ವ್ಯಾಪಾರ ಮಾಡಬಹುದು ಅಂತ ವಾದಿಸಿದ. ಹಡಗು ಇದ್ದವರಿಗೆ ಚೆನ್ನಾಗಿ ಒಪ್ಪುವ ವಾದ. 1967ರಲ್ಲಿ ಮಾಲ್ಟಾ ದೇಶದ ಅರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಇನ್ನೊಂದು ಮಾತು ಎತ್ತಿದರು. ಎಲ್ಲ ದೇಶಗಳ ಎಲ್ಲೆ ದಾಟಿದ ಸಮುದ್ರದ ತಳ ಇಡೀ ಮನುಕುಲಕ್ಕೆ ಸೇರಿದ್ದು, ಮೊದಲು ಹೋದವನು ಬಾಚಿಕೊಳ್ಳುವಂತಿಲ್ಲ ಎಂಬ ಮಾತು. ಹೊಸ ಒಪ್ಪಂದದ ಮಾತುಕತೆಯಲ್ಲೂ ಈ ಎರಡು ಗುಂಪು ಮುಖಾಮುಖಿಯಾದವು. ಕಡಲಜೀವಿಗಳ ಜೀನ್‌ಗಳಿಂದ ಔಷಧಿ ಮಾಡಿದರೆ ಲಾಭ ಯಾರಿಗೆ ಅನ್ನುವುದೇ ದೊಡ್ಡ ಕಗ್ಗಂಟು. ಬಡ ದೇಶಗಳು ‘ಎಲ್ಲರದ್ದು’ ಅಂದವು, ಶ್ರೀಮಂತ ದೇಶಗಳು ‘ಮುಕ್ತ’ ಅಂದವು. ಕೊನೆಗೆ ಒಪ್ಪಂದದಲ್ಲಿ ಎರಡೂ ತತ್ವಗಳನ್ನು ಬರೆದು ಕೈತೊಳೆದುಕೊಂಡರು.

ಹಾಗಾಗಿ ಚರ್ಚಾಕೂಟದ ಹೆಸರಲ್ಲೇ ‘ಮುಕ್ತ’ ಅಂತ ಬರೆದರೆ ಚರ್ಚೆಗೆ ಮುಂಚೆಯೇ ಒಂದು ಕಡೆಗೆ ತೀರ್ಪು ಕೊಟ್ಟ ಹಾಗೆ. ಹಾವೇರಿ ಕಡೆಯ ಒಬ್ಬ ಹುಡುಗ ಇದನ್ನು ಥಟ್ಟನೆ ಹಿಡಿದ. ‘ಸರ, ಇದು ನಮ್ಮೂರ ಗಾಯರಾಣ ಇದ್ದಂಗ. ಯಾರದ್ದೂ ಅಲ್ಲ ಅಂದ್ರ ಟ್ರ್ಯಾಕ್ಟರ್ ಇದ್ದಾಂವ ಉಳತಾನ. ಎಲ್ಲಾರದ್ದು ಅಂದ್ರ ಪಂಚಾಯ್ತಿ ಕೇಳತೈತಿ.’ ಒಪ್ಪಂದದ ಬಗ್ಗೆ ನಾನು ಬರೆದಿದ್ದ ಎರಡು ಪುಟ ದಂಡ ಅನಿಸಿತು. ‘ಗಾಯರಾಣಗಡಲು’ ಅಂತ ಇಡೋಣ ಅಂತಲೂ ಒಬ್ಬರು ಅಂದರು, ನಗೆಯಲ್ಲಿ ಮುಗೀತು. ಮೈಸೂರು ಕಡೆಯವರಿಗೆ ಗೋಮಾಳ ಅಂತ ಬಿಡಿಸಿ ಹೇಳಬೇಕಾದೀತು.

ಕಾರವಾರ ಕಡೆಯ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರ ಮನೆಮಾತು ಕೊಂಕಣಿ. ‘ನಾವು ದರ್ಯಾ ಅಂತೇವೆ, ಅಷ್ಟೇ. ಬೋಟಿನವರು ಹೊರಗೆ ಹೋದ್ರು, ಒಳಗೆ ಬಂದ್ರು ಅಂತಾರೆ. ಇಷ್ಟು ಮಾರು ನೀರು ಅಂತಾರೆ. ದೇಶ ಎಲ್ಲಿ ಮುಗೀತು ಅಂತ ಯಾರು ನೋಡಿದ್ದಾರೆ?’ ಅಂದರು. ‘ಹೊರಗೆ’ ಅನ್ನುವುದು ನನಗೆ ಹಿಡಿಸಿತು. ಹೊರನಾಡು, ಹೊರಗುತ್ತಿಗೆ ಇದ್ದ ಹಾಗೆ ‘ಹೊರಗಡಲು’. ಅಧಿಕಾರದ ಎಲ್ಲೆಯಿಂದ ಹೊರಗೆ ಅನ್ನುವ ಅರ್ಥ ಅದರಲ್ಲಿ ಕೂತಿದೆ, ಯಾರ ಪರವೂ ವಹಿಸುವುದಿಲ್ಲ. ಹೆಗ್ಗಡಲು ಗತ್ತಿನ ಪದ, ಆದರೆ ಕೇಳಿದವರು ‘ಮಹಾಸಾಗರ’ ಅಂತಷ್ಟೇ ತಿಳಿದುಕೊಳ್ಳುತ್ತಾರೆ. ಸದ್ಯಕ್ಕೆ ನನ್ನ ಮತ ಹೊರಗಡಲಿಗೆ. ಹಳಗನ್ನಡ ಬಲ್ಲವರು ‘ಮುನ್ನೀರು’ ಇಟ್ಟುಕೊಂಡು ಏನಾದರೂ ಕಟ್ಟಲು ಬರುತ್ತದಾ ಅಂತ ಹೇಳಿ. ನನಗೆ ಹೊಳೆದಿಲ್ಲ.

ಎರಡನೇ ತೊಡಕು ಸಾಗರ, ಸಮುದ್ರ, ಕಡಲು. ಮೂರೂ ಒಂದೇ ಅಂತ ನಿಘಂಟು ಹೇಳುತ್ತದೆ. ಬಯಲುಸೀಮೆ ಹಾಗೆ ಹೇಳುವುದಿಲ್ಲ. ‘ಸಾಗರ ಉಳಿಸಿ’ ಅಂತ ದೊಡ್ಡಕ್ಷರದಲ್ಲಿ ಬರೆದು ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಗೆ ಕೊಟ್ಟೆವು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಅಕ್ಷರದ ಬಣ್ಣ ಬದಲಿಸುತ್ತಾ ಕೇಳಿದ: ‘ಇದು ಯಾವ ಸಾಗರ್ರಿ? ಸವದತ್ತೀದೋ, ಶಿವಮೊಗ್ಗಾದ್ದೋ?’ ಅವನು ಚೇಷ್ಟೆ ಮಾಡಲಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಹತ್ತಿರ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ. ಅದರ ಹೆಸರೇ ರೇಣುಕಾಸಾಗರ. ನಲ್ಲಿಯಲ್ಲಿ ನೀರು ಬಾರದ ದಿನ ನೆನಪಾಗುವ ಸಾಗರ ಅದು. ಕೃಷ್ಣರಾಜಸಾಗರ, ವಾಣಿವಿಲಾಸ ಸಾಗರ, ಎಲ್ಲಿ ನೋಡಿದರೂ ಸಾಗರ ಅಂದರೆ ನಮಗೆ ಅಣೆಕಟ್ಟು.

ಸಮುದ್ರದ ಕಥೆಯೂ ಅದೇ. ಹೊಯ್ಸಳರ ದೋರಸಮುದ್ರದಲ್ಲಿ ಇದ್ದದ್ದು ಕೆರೆ. 2024ರ ಜನವರಿಯಲ್ಲಿ ಕರ್ನಾಟಕದ ಮೂರು ಜೌಗು ತಾಣಗಳು ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸರ್ ಪಟ್ಟಿ ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಇವುಗಳಲ್ಲಿ ಹೆಸರಿನಲ್ಲಿ ಸಮುದ್ರ ಇರುವುದಕ್ಕೆ ಉಪ್ಪುನೀರಿನ ಗಾಳಿಯೂ ಸೋಕುವುದಿಲ್ಲ. ಕಡಲಿಗೆ ತಾಗಿರುವುದು ಅಳಿವೆ ಒಂದೇ. ಅಳಿವೆ ಅನ್ನುವ ಪದ ಕೂಡ ನಮ್ಮ ಕಡೆ ತೊಂದರೆ ಕೊಡುತ್ತದೆ. ‘ಅಳಿವೆ ಉಳಿಸಿ’ ಅಂತ ಬರೆದರೆ ಘಟ್ಟದ ಮೇಲಿನವರು ಅಳಿವು-ಉಳಿವಿನ ಏನೋ ಘೋಷಣೆ ಅಂದುಕೊಳ್ಳುತ್ತಾರೆ. ಆದರೂ ಪದ ಬಿಡಬಾರದು. ನದಿ ಸಮುದ್ರ ಸೇರುವ ಜಾಗಕ್ಕೆ ಇಷ್ಟು ಚಿಕ್ಕ ಕನ್ನಡ ಪದ ಮತ್ತೆ ಎಲ್ಲಿ ಸಿಗುತ್ತದೆ? ಚಿತ್ರದ ಕೆಳಗೆ ಹಾಕಿದರೆ ತಾನೇ ತಿಳಿಯುತ್ತದೆ.

ಇದಕ್ಕೆಲ್ಲ ಮದ್ದು ಕಡಲು. ಕೆರೆಗೆ, ಅಣೆಕಟ್ಟಿಗೆ ಯಾರೂ ಕಡಲು ಅಂತ ಹೆಸರಿಟ್ಟದ್ದು ನನಗೆ ಕಂಡಿಲ್ಲ. ‘ವಿಶ್ವ ಸಾಗರ ದಿನ’ ಮಾತ್ರ ರೂಢಿಗೆ ಬಂದಾಗಿದೆ, ಹಾಗೇ ಇರಲಿ. ಒಳಗಿನ ಫಲಕಗಳಲ್ಲೆಲ್ಲ ಕಡಲು ಅಂತಲೇ ಬರೆದಿದ್ದೇನೆ.

ಕಡಲಿನ ಸಂರಕ್ಷಿತ ಜಾಗಕ್ಕೆ ಒಬ್ಬ ಹುಡುಗಿ ‘ಕಡಲ ಅಭಯಾರಣ್ಯ’ ಬರೆದಳು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಹೆಸರು ಕೇಳಿ ಬೆಳೆದವಳು. ನೀರೊಳಗೆ ಅರಣ್ಯ ಎಲ್ಲಿಂದ ಬರಬೇಕು? ಪಕ್ಷಿಧಾಮ ಇದ್ದ ಹಾಗೆ ‘ಕಡಲಧಾಮ’ ಅಂದರೆ ಹೇಗೆ ಅಂತ ಕೇಳಿದೆ. ಕನ್ನಡ, ಸಂಸ್ಕೃತ ಬೆರೆಸಿದರೆ ಅರಿಸಮಾಸ ಅಂತ ಕನ್ನಡ ವಿಭಾಗದವರು ಹುಬ್ಬೇರಿಸಿದರು. ದರೋಜಿಯ ಕರಡಿಧಾಮ ಅಷ್ಟು ವರ್ಷದಿಂದ ಚೆನ್ನಾಗಿಯೇ ನಡೆಯುತ್ತಿದೆಯಲ್ಲ! ಹೊನ್ನಾವರದ ಅಪ್ಸರಕೊಂಡ-ಮುಗಳಿ ನಮ್ಮ ರಾಜ್ಯದ ಮೊದಲ ಕಡಲಧಾಮ ಅಂತ ಬರೆದೇಬಿಟ್ಟಿದ್ದೇನೆ. ಬೇಡ ಅನ್ನುವವರು ಬೇರೆ ಪದ ಕೊಟ್ಟು ಬೇಡ ಅನ್ನಿ.

ಬ್ಲೂ ಎಕಾನಮಿಗೆ, ಅಂದರೆ ಕಡಲನ್ನು ನೆಚ್ಚಿದ ಆರ್ಥಿಕತೆಗೆ, ‘ನೀಲಿ ಆರ್ಥಿಕತೆ’ ಅಂತ ಎಲ್ಲರೂ ಬರೆಯುತ್ತಾರೆ, ನಾನೂ ಬರೆದೆ. ಅದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ.

ಕೊನೆಯದು, ಪಬ್ಲಿಕ್ ಹಿಯರಿಂಗ್. ಬಂದರು, ಕಾರ್ಖಾನೆ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುಂಚೆ ನಡೆಸುವ ಸಭೆ. ಯೋಜನೆಗಳಿಂದ ಪರಿಸರಕ್ಕೆ ಆಗುವ ಪರಿಣಾಮ ಅಳೆಯುವ ಬಗೆಗಿನ 2006ರ ಅಧಿಸೂಚನೆಯಲ್ಲಿ ಇದರ ನಿಯಮಗಳಿವೆ. ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಆ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಜನ ಹೇಳಿದ್ದನ್ನು ದಾಖಲಿಸಿಕೊಳ್ಳಬೇಕು. ಪತ್ರಿಕೆಗಳು ಇದಕ್ಕೆ ‘ಸಾರ್ವಜನಿಕ ಅಹವಾಲು ಸಭೆ’ ಅನ್ನುತ್ತವೆ. ಅಹವಾಲು ಅಂದರೆ ನಾವು ಕೈಮುಗಿದು ಅರ್ಜಿ ಹಿಡಿದು ನಿಂತ ಚಿತ್ರ ಬರುತ್ತದೆ. ಇಲ್ಲಿ ಕೇಳಿಸಿಕೊಳ್ಳುವುದು ಅಧಿಕಾರಿಯ ಕರ್ತವ್ಯ, ಹೇಳುವುದು ನಮ್ಮ ಹಕ್ಕು. ‘ವಿಚಾರಣೆ’ ಕೋರ್ಟಿನದ್ದಾಯಿತು. ಕೆಲವು ಪ್ರಕಟಣೆಗಳಲ್ಲಿ ‘ಸಾರ್ವಜನಿಕ ಆಲಿಕೆ’ ಅಂತ ಬರುತ್ತದೆ. ಆಲಿಸು ಪದದಿಂದ ಬಂದದ್ದು, ಕೆಲಸ ಯಾರದ್ದು ಅಂತ ಅದೇ ಹೇಳುತ್ತದೆ. ಆದರೆ ಅದು ಸರ್ಕಾರಿ ಕಾಗದದ ಹೊರಗೆ, ಜನರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಗದಗದವರು ಇದಕ್ಕೆ ಉತ್ತರ ಕೊಡಬಲ್ಲರು. ಕಪ್ಪತಗುಡ್ಡದ ಸಂರಕ್ಷಿತ ಸ್ಥಾನಮಾನ ಹಿಂದಕ್ಕೆ ತೆಗೆದುಕೊಂಡಾಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಚಳವಳಿ ನಡೆಸಿದರು. ಆಗ ಜನರ ಮಾತು ಕೇಳುವ ಸಭೆಗಳಾದವು. ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಆ ಸಭೆಗಳಿಗೆ ಡೋಣಿ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಹೋದವರು ಮನೆಯಲ್ಲಿ ಹೊರಡುವಾಗ ಏನಂತ ಹೇಳಿ ಹೊರಟರು? ‘ಅಹವಾಲು ಸಭೆಗೆ ಹೋಗಿಬರ್ತೀವಿ’ ಅಂದರಾ, ‘ಡಿಸಿ ಮೀಟಿಂಗ್’ ಅಂದರಾ, ಬೇರೆ ಏನಾದರೂ ಅಂದರಾ? ಗೊತ್ತಿದ್ದವರು ಆ ಪದವನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ. ಕರಪತ್ರ ಮೇ ಕೊನೆಯ ವಾರ ಅಚ್ಚಿಗೆ ಹೋಗುತ್ತದೆ.