ಮನೆಯಲ್ಲಿ ಇಬ್ಬರಿಗೆ ಕ್ಯಾನ್ಸರ್: ಸಾರ್ಕೋಮಾ ವಂಶದಿಂದ ಬರುತ್ತದೆಯೇ?

ಡೊಂಬಿವಲಿಯಿಂದ: ಅಕ್ಕನ ಮಗನಿಗೆ 14 ವರ್ಷ. ಮಂಡಿಯ ಮೇಲೆ, ತೊಡೆ ಮೂಳೆಯಲ್ಲಿ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯ ಕ್ಯಾನ್ಸರ್ ಅಂದಿದ್ದಾರೆ. ಮೂಳೆ, ಸ್ನಾಯು, ಕೊಬ್ಬಿನಂಥ ಕಡೆ ಹುಟ್ಟುವ ಕ್ಯಾನ್ಸರ್‌ಗಳಿಗೆ ಸಾರ್ಕೋಮಾ ಅಂತಾರಂತೆ. ನಮ್ಮ ಅಮ್ಮನಿಗೆ ಹಿಂದೆ ಸ್ತನದ ಕ್ಯಾನ್ಸರ್ ಆಗಿತ್ತು. ಇದು ವಂಶದಲ್ಲೇ ಇದೆಯಾ? ಉಳಿದ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಠಾಣೆಯಿಂದ: ನನ್ನ ಮಗನಿಗೂ 15ಕ್ಕೆ ಅದೇ ಜಾಗದಲ್ಲಿ ಬಂತು. ಕ್ರಿಕೆಟ್‌ನಲ್ಲಿ ಪೆಟ್ಟಾಗಿದೆ ಅಂತ ಎರಡು ತಿಂಗಳು ಎಣ್ಣೆ ತಿಕ್ಕಿದೆವು. ರಾತ್ರಿ ನೋವಿಗೆ ಎದ್ದು, ಮಂಡಿ ಹಿಡಿದುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದ. ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಕ್ಕಳು ಸರಸರ ಎತ್ತರವಾಗುವ ವಯಸ್ಸಿನಲ್ಲಿ ಮಂಡಿಯ ಸುತ್ತಲಿನ ಮೂಳೆಯೇ ಜಾಸ್ತಿ ಬೆಳೆಯುತ್ತದೆ, ಈ ಗಡ್ಡೆ ಹೆಚ್ಚಾಗಿ ಕಾಣುವುದೂ ಅಲ್ಲೇ ಅಂದರು. ಪೆಟ್ಟಿನಿಂದ ಇದು ಬರುವುದಿಲ್ಲ, ಪೆಟ್ಟು ಬಿದ್ದಾಗ ಕಣ್ಣಿಗೆ ಬೀಳುತ್ತದೆ ಅಷ್ಟೆ. ಆಟಕ್ಕೆ ಕಳಿಸಿದವಳು ನಾನೇ. ಆ ಮಾತು ಕೇಳಿದ ಮೇಲೆ ಸ್ವಲ್ಪ ಉಸಿರಾಡಿದೆ.

ವಂಶದ ಬಗ್ಗೆ: ಹೆಚ್ಚಿನವರಿಗೆ ಇದು ಹಾಗೆ ಬರುವುದಲ್ಲ. ಆದರೆ ಲಿ-ಫ್ರಾಮೆನಿ ಅಂತ ವಂಶದಲ್ಲಿ ಬರುವ ಒಂದು ತೊಂದರೆ ಇದೆ. ಟಿಪಿ53 ಜೀನ್‌ನ ದೋಷ. ಅಂಥ ಮನೆಗಳಲ್ಲಿ ಮಕ್ಕಳಿಗೆ ಸಾರ್ಕೋಮಾ, ಹೆಂಗಸರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನದ ಕ್ಯಾನ್ಸರ್, ಕೆಲವರಿಗೆ ಮೆದುಳಿನ ಗಡ್ಡೆ ಬರುತ್ತವೆ. ಅದಕ್ಕೇ ಕೇಳುತ್ತಿದ್ದೇನೆ, ಅಮ್ಮನಿಗೆ ಆಗ ಎಷ್ಟು ವಯಸ್ಸು? ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಅಂತ ಎರಡೂ ಕಡೆಯವರದು ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಉಳಿದ ಮಕ್ಕಳಿಗೆ ರಕ್ತಪರೀಕ್ಷೆ ಬೇಕೋ ಬೇಡವೋ, ಅದನ್ನು ನೋಡಿ ಅವರೇ ಹೇಳುತ್ತಾರೆ. ಸುಮ್ನೆ ಎಲ್ಲರಿಗೂ ಸ್ಕ್ಯಾನ್ ಮಾಡಿಸಬೇಡಿ.

ಪುಣೆಯಿಂದ: ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾ ನೂರಕ್ಕೆ ಒಂದರಷ್ಟು, ಮಕ್ಕಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅಪರೂಪ ಆದ್ದರಿಂದಲೇ ನಾವು ಪೆಟ್ಟು ತಿಂದೆವು. ಮಾವನವರ ತೊಡೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಇತ್ತು, ನೋವಿರಲಿಲ್ಲ. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಕೊಬ್ಬಿನ ಗಡ್ಡೆ ಅಂತ ಎಂಆರ್‌ಐ ಸ್ಕ್ಯಾನ್, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಎರಡೂ ಇಲ್ಲದೆ ತೆಗೆದುಬಿಟ್ಟರು. ಆಮೇಲೆ ಇನ್ನೂ ದೊಡ್ಡ ಆಪರೇಷನ್ ಆಯಿತು. 5 ಸೆಂಟಿಮೀಟರ್ ದಾಟಿದ, ಬೆಳೆಯುತ್ತಿರುವ, ಆಳದಲ್ಲಿರುವ ಗಡ್ಡೆಗೆ ಮೊದಲು ಚಾಕು ಹಾಕಿಸಬೇಡಿ. ಬಯಾಪ್ಸಿ ಕೂಡ ಆಪರೇಷನ್ ಮಾಡುವ ತಂಡವೇ ಮಾಡಲಿ.

ಖಾರ್‌ಘರ್‌ನಿಂದ: ಬಯಾಪ್ಸಿ ಬೇರೆ ಕಡೆ ಆಗಿದ್ದರೆ ರಿಪೋರ್ಟ್ ಒಂದೇ ಸಾಲದು, ಆ ಚೂರಿನ ಗಾಜಿನ ಸ್ಲೈಡ್ ಮತ್ತು ಚೂರನ್ನು ಮೇಣದಲ್ಲಿಟ್ಟ ಬ್ಲಾಕ್ ಕೇಳಿ ತನ್ನಿ. ನಾವು ಅದಕ್ಕಾಗಿ ಎರಡು ಸಲ ಓಡಾಡಿದೆವು. ಎದೆಯ ಸಿಟಿ ಸ್ಕ್ಯಾನ್ ಕೂಡ ಹೇಳುತ್ತಾರೆ, ಹೆದರಬೇಡಿ. ಇದು ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೇ ಹೋಗುವುದರಿಂದ ಎಲ್ಲರಿಗೂ ನೋಡುತ್ತಾರೆ.

ಡೊಂಬಿವಲಿಯಿಂದ: ಅಮ್ಮನಿಗೆ ಆಗ 61. ಭಾವನ ಕಡೆಯದನ್ನು ಇವತ್ತು ರಾತ್ರಿ ಫೋನ್ ಮಾಡಿ ಬರೆದುಕೊಳ್ಳುತ್ತೇನೆ. ಬ್ಲಾಕ್ ತರಲು ಭಾವ ನಾಳೆ ಹೋಗುತ್ತಾರೆ. ಪೆಟ್ಟಿನ ಮಾತನ್ನು ಅಕ್ಕನಿಗೆ ಓದಿ ಹೇಳಿದೆ, ತುಂಬಾ ಹೊತ್ತು ಅತ್ತಳು.