ಜಿಎಸ್‌ಟಿ ರಿಟರ್ನ್‌ಗಳ ಕೊನೇ ದಿನ, 11, 20ನೇ ತಾರೀಕು ಹತ್ತಿರ ಬಂದರೆ ಕೈಕಾಲೇ ಆಡಲ್ಲ. ನೀವು ಹೇಗೆ ಸುಧಾರಿಸುತ್ತೀರಿ?

ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಿಗೆ ಸೇರಿ ಎಂಟು ತಿಂಗಳಾಯಿತು. ನಲವತ್ತು ಪಾರ್ಟಿಗಳ (ಗ್ರಾಹಕರ) ಲೆಕ್ಕ ನನ್ನದೇ. ಒಂದು ಕೆಲಸ ಹಿಡಿದರೆ ಹತ್ತು ಫೋನ್, ಎಲ್ಲರದ್ದೂ ಅರ್ಜೆಂಟೇ. ರಾತ್ರಿ ಒಂಬತ್ತಾದರೂ ಮುಖ್ಯವಾದದ್ದೇ ಉಳಿದಿರುತ್ತದೆ. ಯಾವುದು ಮೊದಲು ಅಂತ ಹೇಗೆ ತೀರ್ಮಾನ ಮಾಡುತ್ತೀರಿ?

ಉತ್ತರ 1
ಹನ್ನೆರಡು ವರ್ಷದಿಂದ ಇದೇ ಕೆಲಸ ನನ್ನದು. ಮೊದಲೆಲ್ಲ ಜೋರಾಗಿ ಕೂಗಿದವರ ಕೆಲಸವೇ ಮೊದಲು ಆಗುತ್ತಿತ್ತು. ಒಮ್ಮೆ ಸಿಮೆಂಟ್ ಅಂಗಡಿಯವರು ಬ್ಯಾಂಕಿಗೆ ಬೇಕು ಅಂತ ತಲೆ ತಿಂದರು. ಎರಡು ದಿನ ಅವರ ಬ್ಯಾಲೆನ್ಸ್ ಶೀಟ್ ಹಿಡಿದು ಕೂತೆ. ಅಷ್ಟರಲ್ಲಿ ಸುಮ್ನಿದ್ದ ಇನ್ನೊಬ್ಬರ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ರಿಟರ್ನ್) ತಪ್ಪಿಹೋಯಿತು. 14ಕ್ಕೆ 2ಬಿ (ಕೊಂಡವರಿಗೆ ಸಿಗುವ ಕ್ರೆಡಿಟ್ ಪಟ್ಟಿ) ಬಂದಾಗ ಅವರ ಹತ್ತಿರ ಮಾಲು ಕೊಂಡವರಿಗೆ ತಾವು ಕೊಟ್ಟ ತೆರಿಗೆಯ ಕ್ರೆಡಿಟ್ ಕಾಣಲಿಲ್ಲ. ಅವರು ಪೇಮೆಂಟ್ ನಿಲ್ಲಿಸಿಬಿಟ್ಟರು. ಪಾಪ, ಆ ಮನುಷ್ಯ ಬೈಯಲೂ ಇಲ್ಲ. ಬೇರೆ ಆಫೀಸಿಗೆ ಹೋದರು ಅಷ್ಟೆ.

ಈಗ ಕೇಳಿಕೊಳ್ಳುವುದು ಒಂದೇ: ಇದು ಇವತ್ತು ಆಗದಿದ್ದರೆ ಯಾರ ದುಡ್ಡು ಹೋಗುತ್ತದೆ? 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ (ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್). ಗೋಡೆ ಕ್ಯಾಲೆಂಡರಿನಲ್ಲಿ ಇವಕ್ಕಲ್ಲ, ಮೂರು ದಿನ ಮುಂಚಿನ ತಾರೀಕಿಗೆ ಕೆಂಪು ಸುತ್ತು ಹಾಕುತ್ತೇನೆ. ಕೊನೇ ದಿನ ಪೋರ್ಟಲ್ ತಿರುಗುತ್ತಾ ಕೂರುತ್ತದೆ. ಓಟಿಪಿ ಬರುವ ಹೊತ್ತಿಗೆ ಮಾಲೀಕರು ಯಾವುದೋ ಮದುವೆ ಮನೆಯಲ್ಲಿ!

3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇ 18ರ ಬಡ್ಡಿ ಬೇರೆ. ಹಾಗಾಗಿ ಜಾಸ್ತಿ ತೆರಿಗೆ ಕಟ್ಟುವವರದ್ದು ಮೊದಲು.

ಉತ್ತರ 2
ನಿಲ್ ರಿಟರ್ನ್‌ಗಳನ್ನು ಕೊನೆಗೆ ತಳ್ಳಬೇಡಿ ಮೇಡಂ. ತಿಂಗಳ ಮೊದಲ ವಾರದಲ್ಲೇ ಮುಗಿಸಿ. ಎಸ್‌ಎಂಎಸ್‌ನಲ್ಲೇ ಆಗುತ್ತದೆ. ನಾನು ಮಧ್ಯಾಹ್ನ ಊಟ ಆದಮೇಲೆ, ನಿದ್ದೆ ಎಳೆಯುವ ಹೊತ್ತಿಗೆ ಅಂತಲೇ ಇವನ್ನು ಇಟ್ಟುಕೊಂಡಿದ್ದೇನೆ.

ಉತ್ತರ 3
ನಿಜವಾದ ತಲೆನೋವು ಬಿಲ್ ಅಲ್ವಾ? ಬಟ್ಟೆ ಅಂಗಡಿ ಕವರಿನಲ್ಲಿ ಬಿಲ್ ತುರುಕಿಕೊಂಡು 10ರ ಸಂಜೆ ಬರುತ್ತಾರೆ. ಅರ್ಧದ ಮೇಲೆ ಟೀ ಕಲೆ. 5ರೊಳಗೆ ತಂದವರದ್ದು ಮೊದಲು, ಆಮೇಲೆ ಬಂದವರು ಸಾಲಿನ ಕೊನೆಗೆ ಅಂತ ಮಾಡಿದೆವು. ಆದರೆ ಇದನ್ನು ನಿಮ್ಮ ಸರ್ ಬಾಯಲ್ಲೇ ಹೇಳಿಸಿ. ನೀವು ಹೇಳಿದರೆ ಪಾರ್ಟಿಗಳು ನೇರವಾಗಿ ಅವರಿಗೇ ಫೋನ್ ಹಚ್ಚುತ್ತಾರೆ, ಅವರು 'ಇವರೊಬ್ಬರದ್ದು ಮಾಡಿಕೊಡಮ್ಮ' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಪ್ರಶ್ನೆ ಕೇಳಿದವರು
8ಕ್ಕೆ ಕೆಂಪು ಸುತ್ತು ಹಾಕಿದೆ. ನಿಲ್ ಆರು ಇದ್ದವು, ಮುಗಿದವು. ಸರ್ ಹತ್ತಿರ ನಾಳೆ ಮಾತಾಡುತ್ತೇನೆ, ಮೂಡ್ ನೋಡಿಕೊಂಡು.